ಎಲ್ಮ್ ಬೋನ್ಸಾಯ್: ಮೊದಲು ಬುಡ, ಆಮೇಲೆ ಕುಂಡ

ಈ ತಿಂಗಳು ಬಂದ ಪತ್ರಗಳಲ್ಲಿ ಕೊಡಗಿನವೇ ಜಾಸ್ತಿ, ಅದರಲ್ಲೂ ಬೋನ್ಸಾಯ್‌ಗೆ, ಅಂದ್ರೆ ಕುಂಡದಲ್ಲೇ ಪುಟ್ಟ ಮರ ಮಾಡೋಕೆ, ಬೆಳೆಸುವ ಚೈನೀಸ್ ಎಲ್ಮ್ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಆಂಥೂರಿಯಂ, ಗುಲಾಬಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಎಲ್ಮ್ ಒಂದನ್ನೇ ಹಿಡಿದುಕೊಂಡಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಬೆಂಗಳೂರಿನ ನರ್ಸರಿಯಿಂದ ಒಂದೂವರೆ ಅಡಿ ಎತ್ತರದ ಚೈನೀಸ್ ಎಲ್ಮ್ ತಂದೆ. ಕಾಂಡ ಪೆನ್ಸಿಲ್ ದಪ್ಪ ಇದೆ. ಜೊತೆಗೇ ಚಂದದ ನೀಲಿ ಬೋನ್ಸಾಯ್ ಟ್ರೇ ತಗೊಂಡು ಅದರಲ್ಲೇ ನೆಟ್ಟೆ. ಆಗಾಗ ತುದಿ ಚಿವುಟುತ್ತೇನೆ. ವರ್ಷ ಕಳೆದರೂ ಗಿಡ ಹಾಗೇ ಇದೆ, ಕಡ್ಡಿಗೆ ಎಲೆ ಅಂಟಿಸಿದ ಹಾಗೆ. ಮರದ ಆಕಾರ ಬರಬೇಕಾದರೆ ಎಲ್ಲಿ ಕತ್ತರಿಸಬೇಕು? — ಮಡಿಕೇರಿ

ಉತ್ತರ: ಸದ್ಯಕ್ಕೆ ಎಲ್ಲೂ ಕತ್ತರಿಸಬೇಡಿ. ಮೊದಲು ಆ ನೀಲಿ ಟ್ರೇಯಿಂದ ಗಿಡ ಹೊರಗೆ ಬರಲಿ. ಟ್ರೇ ತೊಳೆದು ಅಟ್ಟದ ಮೇಲೆ ಇಡಿ, ನಾಲ್ಕೈದು ವರ್ಷ ಬಿಟ್ಟು ಬೇಕಾಗುತ್ತೆ.

ನೋಡಿದ ಕೂಡಲೇ ಮರ ಅನ್ನಿಸಬೇಕಾದರೆ ಬುಡ ದಪ್ಪ ಇರಬೇಕು, ಮೇಲೆ ಹೋಗ್ತಾ ಹೋಗ್ತಾ ಸಣ್ಣ ಆಗಬೇಕು. ಬೋನ್ಸಾಯ್ ಮಾಡುವವರು ಇದಕ್ಕೆ ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಬುಡ ಎಷ್ಟು ದಪ್ಪವೋ ಅದರ ಆರು ಪಟ್ಟು ಎತ್ತರ. 5 ಸೆಂ.ಮೀ. ಬುಡಕ್ಕೆ 30 ಸೆಂ.ಮೀ. ಎತ್ತರ. ನಿಮ್ಮ ಪೆನ್ಸಿಲ್ ದಪ್ಪಕ್ಕೆ ಈ ಲೆಕ್ಕ ಹಾಕಿದರೆ ಬೆರಳುದ್ದದ ಮರ ಸಿಗುತ್ತೆ! ಇದು ಕಾನೂನು ಏನಲ್ಲ, ಮೀರಬಹುದು. ಆದರೆ ಗಿಡ ಎಲ್ಲಿ ಸೋಲ್ತಾ ಇದೆ ಅನ್ನೋದು ಗೊತ್ತಾಗುತ್ತೆ.

ಕಾಂಡಕ್ಕೆ ದಪ್ಪ ಬರೋದು ಎಲೆಗಳಿಂದ. ಮೇಲೆ ಎಲೆ ಎಷ್ಟು ಜಾಸ್ತಿಯೋ, ರೆಂಬೆ ಎಷ್ಟು ಉದ್ದ ಓಡುತ್ತೋ, ಕೆಳಗೆ ಕಾಂಡ ಅಷ್ಟು ಬಲಿಯುತ್ತೆ. ನೀವು ಚಿವುಟಿದಾಗಲೆಲ್ಲ ಆ ಬೆಳವಣಿಗೆ ನಿಲ್ಲುತ್ತೆ. ಸಾಲದ್ದಕ್ಕೆ ಟ್ರೇಯ ಎರಡು ಇಂಚು ಮಣ್ಣಿನಲ್ಲಿ ಬೇರಿಗೆ ಓಡೋಕೆ ಜಾಗ ಇಲ್ಲ. ಟ್ರೇ ಇರೋದು ತಯಾರಾದ ಮರವನ್ನು ಹಾಗೇ ಕಾಪಾಡೋಕೆ. ಬೆಳೆಯಬೇಕಾದ ಗಿಡವನ್ನು ಅದರಲ್ಲಿ ಕೂರಿಸಿದರೆ ಅದು ಅಲ್ಲೇ ಕೂರುತ್ತೆ, ಅಷ್ಟೇ.

ಇನ್ನೊಂದು ಮಾತು, ಇದು ತೋಟ ಇರುವ ಮನೆಯವರಿಗೆ. ಕಾಫಿ ಗಿಡದಲ್ಲಿ ಕಂಬಚಿಗುರು, ಅಂದ್ರೆ ನೆಟ್ಟಗೆ ಮೇಲಕ್ಕೆ ಏಳುವ ಬೇಡದ ಚಿಗುರು ಕಂಡರೆ ದಾರಿಯಲ್ಲಿ ಹೋಗ್ತಾ ಇದ್ದರೂ ನಿಂತು ಕಿತ್ತು ಹಾಕುವ ಕೈ ನಮ್ಮದು. ಎಳೆಯ ಎಲ್ಮ್ ಮುಂದೆ ಆ ಕೈಯನ್ನು ಸ್ವಲ್ಪ ಹಿಡಿದುಕೊಳ್ಳಬೇಕು. ಕಾಫಿಯಲ್ಲಿ ಶಕ್ತಿ ಕಾಯಿಗೆ ಹೋಗಬೇಕು, ಅದಕ್ಕೆ ಕಂಬಚಿಗುರು ತೆಗೀತೀವಿ. ಎಲ್ಮ್‌ನಲ್ಲಿ ನಮಗೆ ಬೇಕಾಗಿರೋದೇ ಬುಡದ ದಪ್ಪ. ಬುಡದಿಂದ ಎರಡು ಮೂರು ಇಂಚು ಮೇಲೆ ಹುಟ್ಟಿ ದಿಕ್ಕಾಪಾಲಾಗಿ ಓಡುವ ರೆಂಬೆಯೇ ಬುಡವನ್ನು ದಪ್ಪ ಮಾಡುವ ಕೂಲಿಯಾಳು. ಅದನ್ನು ನಾಲ್ಕೈದು ಅಡಿ ಬೇಕಾದರೂ ಬೆಳೆಯೋಕೆ ಬಿಡಿ. ಮರಕ್ಕೆ ಅದು ಬೇಕಾಗಿಲ್ಲ, ದಪ್ಪ ಬಂದ ಮೇಲೆ ಬುಡಕ್ಕೇ ಕತ್ತರಿಸಿ ಎಸೆಯುವಂಥದ್ದು. ಹಾಗಾಗಿ ಅದು ಮುಂದೆ ನೋಡುವವರ ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಇದ್ದರೆ ಒಳ್ಳೇದು, ಗಾಯ ಕಾಣೋದಿಲ್ಲ.

ಈಗ ಕೆಲಸಕ್ಕೆ ಬರೋಣ. ಜನವರಿ ಕೊನೆಯಿಂದ ಫೆಬ್ರವರಿವರೆಗೆ, ಚಿಗುರೊಡೆಯುವ ಕಣ್ಣುಗಳು ಉಬ್ಬುವ ಹೊತ್ತಿಗೆ ಗಿಡವನ್ನು ಟ್ರೇಯಿಂದ ತೆಗೆಯಿರಿ. ಬೇರಿನ ಮಣ್ಣನ್ನು ಒಂದು ಕಡ್ಡಿಯಿಂದ ನಿಧಾನಕ್ಕೆ ಬಿಡಿಸಿ. ನೇರ ಕೆಳಗೆ ಇಳಿದ ತಾಯಿಬೇರು ಇದ್ದರೆ ಮೋಟು ಮಾಡಿ. ಕಾಂಡವನ್ನು ಸುತ್ತಿಕೊಂಡ ಬೇರು ಕಂಡರೆ ಅದನ್ನೂ ಕತ್ತರಿಸಿ, ಈಗ ಎಳೆ ದಾರದ ಹಾಗೆ ಕಾಣುವ ಅದೇ ಬೇರು ಮುಂದೆ ದಪ್ಪ ಆಗಿ ಬುಡಕ್ಕೆ ಉರುಳು ಹಾಕಿದ ಹಾಗೆ ಕಾಣುತ್ತೆ. ಉಳಿದವನ್ನು ಸುತ್ತಲೂ ಬಿಡಿಸಿ, ಕೆಳಗೆ ಒಂದು ಹಂಚಿನ ತುಂಡನ್ನೋ ಹಳೇ ಟೈಲ್ಸನ್ನೋ ಇಟ್ಟು ಅದರ ಮೇಲೆ ಹರಡಿ ನೆಡಿ. ಬೇರು ಕೆಳಗೆ ಹೋಗೋಕೆ ಆಗದೆ ಅಡ್ಡಡ್ಡ ಓಡುತ್ತೆ. ನಾಲ್ಕು ವರ್ಷದ ಮೇಲೆ ನೋಡಿ, ಬುಡ ನೆಲವನ್ನು ಹಿಡಿದುಕೊಂಡ ಹಾಗೆ ಹರಡಿರುತ್ತೆ. ಬೋನ್ಸಾಯ್‌ನಲ್ಲಿ ಅರ್ಧ ಚಂದ ಅಲ್ಲೇ ಇರೋದು, ಇದನ್ನು ಆಮೇಲೆ ಸರಿ ಮಾಡೋದು ಬಹಳ ಕಷ್ಟ.

ನೆಡೋದು ಎಲ್ಲಿ? ಜಾಗ ಇದ್ದರೆ ನೆಲದಲ್ಲಿ, ಅದಕ್ಕಿಂತ ಬೇಗ ದಪ್ಪ ಆಗುವ ದಾರಿ ಇಲ್ಲ. ಆದರೆ ಸಿಲ್ವರ್ ಓಕ್ ನೆರಳಲ್ಲಿ ಬೇಡ. ಕಾಫಿ ಕಣದ ಅಂಚು, ತರಕಾರಿ ಪಾತಿಯ ಪಕ್ಕ, ಹೀಗೆ ಬಿಸಿಲು ಬೀಳುವ ಕಡೆ ಒಂದಡಿ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು. ವರ್ಷಕ್ಕೊಮ್ಮೆ ಗಿಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಗುದ್ದಲಿ ಇಳಿಸಿ ಉದ್ದ ಬೇರುಗಳನ್ನು ಕಡಿದು ಹಾಕಿ. ಇಲ್ಲದಿದ್ದರೆ ಕೊನೆಗೆ ಕೀಳುವಾಗ ಬುಡದ ಹತ್ತಿರ ಸಣ್ಣ ಬೇರೇ ಇರೋದಿಲ್ಲ. ನೆಲ ಇಲ್ಲದವರಿಗೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಸಾಕು. ತೂತಿನಿಂದ ಹೊರಗೆ ಇಣುಕಿದ ಬೇರಿನ ತುದಿ ಗಾಳಿಗೆ ಒಣಗುತ್ತೆ, ಒಳಗೆ ಹೊಸ ಸಣ್ಣ ಬೇರು ಕವಲೊಡೆಯುತ್ತೆ.

ಕಾಂಡಕ್ಕೆ ಬಳುಕು ಬೇಕು ಅಂದ್ರೆ ಅದೊಂದನ್ನು ಮಾತ್ರ ಈಗಲೇ ಕೊಡಿ. ಪೆನ್ಸಿಲ್ ದಪ್ಪದಲ್ಲಿ ತಂತಿ ಸುತ್ತಿ ಬಗ್ಗಿಸಬಹುದು. ಹೆಬ್ಬೆರಳು ದಪ್ಪ ಆದ ಮೇಲೆ ಎಲ್ಮ್ ಯಾರ ಮಾತೂ ಕೇಳೋದಿಲ್ಲ. ಬಳುಕು ಬುಡದ ಹತ್ತಿರ ಜೋರಾಗಿ ಇರಲಿ, ಮೇಲೆ ಮೇಲೆ ಕಡಿಮೆ ಆಗಲಿ. ಅಂಗಡಿಗೆ ಬರುವ ಎಷ್ಟೋ ಗಿಡಗಳಿಗೆ ಹಾವಿನ ಥರ ಒಂದೇ ಅಳತೆಯ ವಂಕಿ ಹಾಕಿರುತ್ತಾರೆ, ನನಗಂತೂ ಅದು ಇಷ್ಟ ಇಲ್ಲ. ಯಾವ ಕಾಡಿನಲ್ಲೂ ಮರ ಹಾಗೆ ಬೆಳೆಯಲ್ಲ.

ಇನ್ನು ನೀವು ಕೇಳಿದ ಕತ್ತರಿ. ಬುಡ ನಿಮಗೆ ಬೇಕಾದಷ್ಟು ದಪ್ಪ ಆದ ಮೇಲೆ, ಅದೇ ಫೆಬ್ರವರಿ ಸುಮಾರಿಗೆ, ಕಾಂಡವನ್ನು ಪೂರ್ತಿ ಎತ್ತರದ ಮೂರನೇ ಒಂದು ಭಾಗದಲ್ಲಿ ಕತ್ತರಿಸಿ. ಅಂದ್ರೆ 30 ಸೆಂ.ಮೀ. ಮರ ಆಗಬೇಕಾದರೆ 10 ಸೆಂ.ಮೀ. ಹತ್ತಿರ. ಅಂದುಕೊಂಡ ಜಾಗಕ್ಕಿಂತ ಒಂದಿಂಚು ಮೇಲೆ ಕತ್ತರಿಸೋದು ಕ್ಷೇಮ, ತುದಿ ಸ್ವಲ್ಪ ಒಣಗಿ ಕೆಳಗೆ ಇಳಿದರೂ ನಷ್ಟ ಇಲ್ಲ. ಕತ್ತರಿಸಿದ ಅಂಚಿನ ಸುತ್ತ ಕೆಲವು ವಾರಗಳಲ್ಲಿ ಸಾಸಿವೆ ಕಾಳಿನಂಥ ಕೆಂಪು ಕಣ್ಣುಗಳು ಉಂಗುರದ ಹಾಗೆ ಹುಟ್ಟುತ್ತವೆ, ಒಂದೆರಡಲ್ಲ, ಎಣಿಸೋಕೇ ಆಗದಷ್ಟು. ನೋಡೋಕೆ ಖುಷಿ. ಆದರೆ ಎಲ್ಲವನ್ನೂ ಬಿಟ್ಟರೆ ಅಲ್ಲೊಂದು ಗಂಟು ಊದಿಕೊಳ್ಳುತ್ತೆ, ಆ ಗಂಟು ಜನ್ಮದಲ್ಲಿ ಹೋಗಲ್ಲ. ಚಿಗುರು ಒಂದು ಗೇಣು ಆದಾಗ ಬಲವಾದ ಒಂದನ್ನು ಹೊಸ ತುದಿ ಅಂತ ಆರಿಸಿಕೊಳ್ಳಿ, ಪಕ್ಕಕ್ಕೆ ಹೋಗುವ ಎರಡು ಮೂರನ್ನು ರೆಂಬೆಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಉಗುರಿನಲ್ಲಿ ಕೆರೆದು ತೆಗೆಯಿರಿ. ಆಮೇಲೆ ಮೋಟು ತುದಿಯನ್ನು ಹೊಸ ಚಿಗುರಿನ ಕಡೆಗೆ ಓರೆಯಾಗಿ ಸವರಿ, ಗಿಡದ ಗಾಯ ಮುಚ್ಚುವ ಪೇಸ್ಟ್ ಹಚ್ಚಿ.

ಆ ಹೊಸ ತುದಿ ಮತ್ತೆ ಓಡಲಿ. ಅದು ಬುಡದ ಅರ್ಧಕ್ಕಿಂತ ಜಾಸ್ತಿ ದಪ್ಪ ಆದಾಗ ಅದನ್ನೂ ಕತ್ತರಿಸಿ. ಹೀಗೆ ಬೆಳೆಸು, ಕಡಿ, ಬೆಳೆಸು, ಕಡಿ ಅಂತಲೇ ಪೂರ್ತಿ ಮರ ಕಟ್ಟುವ ಪದ್ಧತಿ ಚೀನಾದ ಗ್ವಾಂಗ್‌ಡಾಂಗ್ ಕಡೆಯದು, ಲಿಂಗ್ನಾನ್ ಶೈಲಿ ಅಂತಾರೆ. ಎಲ್ಮ್‌ಗೆ ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ ಇದು ಕಡಿದಷ್ಟೂ ಚಿಗುರುವ ಜಾತಿ. ಒಂದು ಎಚ್ಚರ ಹೇಳ್ತೀನಿ: ಬೇರು, ಕಾಂಡ ಎರಡನ್ನೂ ಒಂದೇ ವರ್ಷ ಕಡಿಯಬೇಡಿ, ಕಾಂಡ ಕಡಿಯುವ ವರ್ಷ ಬೇರು ಮುಟ್ಟಬೇಡಿ. ಎಲ್ಮ್ ತಡೆದುಕೊಳ್ಳುತ್ತೆ ಅನ್ನುವವರು ಇದ್ದಾರೆ, ತಡೆದುಕೊಂಡ ಗಿಡಗಳೂ ಇವೆ. ಆದರೆ ಇರೋದೇ ಒಂದು ಗಿಡ ಅಂದ್ರೆ ಯಾಕೆ ಆ ಉಸಾಬರಿ?

ಪ್ರಶ್ನೆ: ಜೂನ್‌ವರೆಗೆ ಚೆನ್ನಾಗಿದ್ದ ಎಲ್ಮ್, ಜುಲೈನಲ್ಲಿ ಎಲೆ ಹಳದಿ ಆಗಿ ಉದುರೋಕೆ ಶುರು. ಕೆಲವು ಎಲೆಯಲ್ಲಿ ಕಪ್ಪು ಚುಕ್ಕೆ. ಮಳೆ ಇದೆ ಅಂತ ನೀರು ಹಾಕೋದನ್ನೂ ಬಿಟ್ಟಿದ್ದೇನೆ. ಇನ್ನೇನು ಮಾಡಲಿ? — ನಾಪೋಕ್ಲು

ಉತ್ತರ: ನೀರು ನೀವು ಬಿಟ್ಟರೂ ಆಕಾಶ ಬಿಡಬೇಕಲ್ಲ! ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ. ಎಲ್ಮ್‌ಗೆ ನೀರು ಇಷ್ಟ, ಆದರೆ ಬೇರಿಗೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಕೊಳೆಯುತ್ತೆ, ಕೊಳೆತ ಬೇರು ನೀರು ಎಳೆಯಲ್ಲ, ಮೇಲೆ ಎಲೆ ಹಳದಿ ಆಗುತ್ತೆ.

ಗಿಡವನ್ನು ಮಳೆಯಿಂದ ತಪ್ಪಿಸಿ, ಬೆಳಕಿನಿಂದ ತಪ್ಪಿಸಬೇಡಿ. ಜಗಲಿಯ ಒಳಮೂಲೆಯಲ್ಲಿ ಇಟ್ಟರೆ ಮಳೆ ತಪ್ಪುತ್ತೆ ನಿಜ, ಆದರೆ ಮೂರು ತಿಂಗಳ ಕತ್ತಲೆಯಲ್ಲಿ ರೆಂಬೆ ಸೊರಗಿ ಉದ್ದ ಆಗುತ್ತೆ. ಕಾಳುಮೆಣಸು, ಕಾಫಿ ಒಣಗಿಸೋಕೆ ಹಾಕುವ ಪಾರದರ್ಶಕ ಶೀಟ್ ಇದೆಯಲ್ಲ, ಅದನ್ನೇ ನಾಲ್ಕು ಗೂಟಕ್ಕೆ ಇಳಿಜಾರಾಗಿ ಕಟ್ಟಿ ಕೆಳಗೆ ಗಿಡ ಇಡಿ. ನಾಲ್ಕೂ ಕಡೆ ಗಾಳಿ ಆಡಲಿ. ಶೀಟ್ ಕಟ್ಟೋಕೆ ಆಗದವರು ಕುಂಡದ ಒಂದು ಬದಿಗೆ ಎರಡು ಇಂಚಿನ ಕಟ್ಟಿಗೆ ತುಂಡು ಕೊಟ್ಟು ಓರೆ ಮಾಡಿ. ತಮಾಷೆ ಅನ್ನಿಸಬಹುದು, ಆದರೆ ಓರೆ ಕುಂಡದಿಂದ ತಳದಲ್ಲಿ ನಿಂತ ನೀರು ಎಷ್ಟು ಬೇಗ ಸೋರುತ್ತೆ ಅಂತ ಒಮ್ಮೆ ನೋಡಿ. ತಟ್ಟೆ ಇಟ್ಟಿದ್ದರೆ ಅದನ್ನು ಈಗಲೇ ತೆಗೆಯಿರಿ.

ಕಪ್ಪು ಚುಕ್ಕೆ ಶಿಲೀಂಧ್ರದ್ದು. ಚುಕ್ಕೆ ಬಿದ್ದ ಎಲೆ ಕಿತ್ತು ದೂರ ಎಸೆಯಿರಿ, ಕುಂಡದ ಮೇಲೆ ಉದುರಿದ್ದನ್ನೂ ಹೆಕ್ಕಿ. ಒಳಗೆ ಒತ್ತಾಗಿ ಬೆಳೆದ ಸಣ್ಣ ಕಡ್ಡಿಗಳನ್ನು ಬಿಡಿಸಿದರೆ ಎಲೆ ಬೇಗ ಒಣಗುತ್ತೆ, ರೋಗ ಅರ್ಧ ಕಡಿಮೆ ಆಗುತ್ತೆ. ಮುಂದಿನ ವರ್ಷ ಮೇ ಕೊನೆಗೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಇದಕ್ಕೂ ತೆಳುವಾಗಿ ಒಮ್ಮೆ ಬೀಳಲಿ. ತೋಟಕ್ಕೆ ಹಾಕುವ 1 ಪರ್ಸೆಂಟ್ ಎಳೆ ಚಿಗುರಿಗೆ ಖಾರ ಆಗುತ್ತೆ, ಅದಕ್ಕೆ ಅಷ್ಟೇ ನೀರು ಬೆರೆಸಿ. ಮಳೆ ಹಿಡಿದ ಮೇಲೆ ಗೊಬ್ಬರ ಹಾಕಬೇಡಿ, ಎಲ್ಲಾ ತೊಳೆದು ಹೋಗುತ್ತೆ. ಮತ್ತೆ ಬಸವನಹುಳು ನೋಡಿಕೊಳ್ಳಿ. ಒಂದು ರಾತ್ರಿಯಲ್ಲಿ ಇಡೀ ವರ್ಷದ ಚಿಗುರು ಮುಗಿಸುತ್ತೆ.

ಪ್ರಶ್ನೆ: ಅಲ್ಯೂಮಿನಿಯಂ ತಂತಿ ಸುತ್ತಿದ್ದೆ. ಬಿಚ್ಚಿದಾಗ ಕಾಂಡದಲ್ಲಿ ಸ್ಕ್ರೂ ಥರ ಗುರುತು ಬಿದ್ದಿದೆ. ಹೋಗುತ್ತಾ? ತಂತಿ ಸುತ್ತುವ ಸರಿಯಾದ ಕ್ರಮ ಯಾವುದು? — ಸಿದ್ದಾಪುರ

ಉತ್ತರ: ಹೋಗುತ್ತೆ, ಆದರೆ ನಿಧಾನ. ಎಲ್ಮ್‌ನ ತೊಗಟೆ ವಯಸ್ಸಾದ ಮೇಲೆ ಚಕ್ಕೆ ಚಕ್ಕೆಯಾಗಿ ಕಳಚಿ ಒಳಗಿನ ಕಿತ್ತಳೆ ಬಣ್ಣ ತೋರಿಸುತ್ತೆ, ಆ ಹೊತ್ತಿಗೆ ಆಳ ಇಲ್ಲದ ಗುರುತು ಮುಚ್ಚಿಕೊಂಡಿರುತ್ತೆ. ಆಳವಾಗಿ ಕಚ್ಚಿದ್ದರೆ ಆ ರೆಂಬೆಯನ್ನು ಒಂದು ವರ್ಷ ಕತ್ತರಿಸದೆ ಓಡಿಸಿ, ದಪ್ಪ ಆಗ್ತಾ ತುಂಬಿಕೊಳ್ಳುತ್ತೆ.

ತಂತಿ ರೆಂಬೆಯ ಮೂರನೇ ಒಂದು ಭಾಗದಷ್ಟು ದಪ್ಪ ಇರಲಿ. 1, 1.5, 2, 3 ಮಿ.ಮೀ. ಈ ನಾಲ್ಕು ಅಳತೆ ಮನೆಯಲ್ಲಿದ್ದರೆ ಎಳೆ ಗಿಡಕ್ಕೆ ಬೇಕಾದ್ದೆಲ್ಲ ಆಯಿತು. 45 ಡಿಗ್ರಿ ಓರೆಯಲ್ಲಿ ಸುತ್ತಿ. ತೀರಾ ಒತ್ತೊತ್ತಾಗಿ ಸುತ್ತಿದರೆ ಸ್ಪ್ರಿಂಗ್ ಆಗುತ್ತೆ, ಹಿಡಿತ ಇರಲ್ಲ. ಒಂದೇ ತಂತಿಯ ಎರಡು ತುದಿಯನ್ನು ಹತ್ತಿರದ ಎರಡು ರೆಂಬೆಗೆ ಸುತ್ತಿ, ನಡುವಿನ ಭಾಗ ಕಾಂಡವನ್ನು ಒಂದು ಸುತ್ತಾದರೂ ಬಳಸಿರಲಿ. ಆಗ ಒಂದಕ್ಕೊಂದು ಆಧಾರ. ಬಗ್ಗಿಸುವಾಗ ಎರಡೂ ಹೆಬ್ಬೆರಳನ್ನು ಬಳುಕಿನ ಒಳಮೈಗೆ ಒತ್ತಿ ಹಿಡಿದು, ತಂತಿ ಹೊರಮೈಯಲ್ಲಿ ಬರುವ ಹಾಗೆ ನೋಡಿಕೊಂಡು ನಿಧಾನಕ್ಕೆ ಒತ್ತಿ. ಚಟ್ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಮುರಿಯದೆ ಸೀಳಿದ್ದರೆ ಹಾಗೇ ಸೇರಿಸಿ ಟೇಪ್ ಸುತ್ತಿ ಬಿಡಿ, ಎಳೆ ರೆಂಬೆ ಕೂಡಿಕೊಳ್ಳುತ್ತೆ.

ಸಮಯ ಮುಖ್ಯ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಏಪ್ರಿಲ್, ಮೇನಲ್ಲಿ ಎಲ್ಮ್ ಎಷ್ಟು ಜೋರಾಗಿ ಬೆಳೆಯುತ್ತೆ ಅಂದ್ರೆ ಮೂರು ನಾಲ್ಕು ವಾರದಲ್ಲೇ ತಂತಿ ಒಳಗೆ ಇಳಿಯಬಹುದು. ನೀವು ಬಹುಶಃ ಆಗ ಸುತ್ತಿ ಮಳೆಗಾಲ ಮುಗಿಯುವವರೆಗೆ ಬಿಟ್ಟಿರಬೇಕು. ಮಳೆ ನಿಂತ ಮೇಲೆ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದಿಂದ ನವೆಂಬರ್ ಕೊನೆ, ಡಿಸೆಂಬರ್ ಸುಮಾರಿಗೆ ಬರುವ ಪುತ್ತರಿ ಹಬ್ಬದವರೆಗಿನ ಹೊತ್ತು ನನಗೆ ಇಷ್ಟ. ಬೆಳವಣಿಗೆ ಹದವಾಗಿರುತ್ತೆ, ರೆಂಬೆ ಇನ್ನೂ ಬಳುಕುತ್ತೆ, ತಂತಿ ಜಾಸ್ತಿ ದಿನ ಇರಬಹುದು. ಯಾವಾಗ ಸುತ್ತಿದರೂ ಹದಿನೈದು ದಿನಕ್ಕೊಮ್ಮೆ ಹತ್ತಿರ ಹೋಗಿ ನೋಡಿ. ತಂತಿ ತೆಗೆಯುವಾಗ ಸುತ್ತು ಬಿಚ್ಚಬೇಡಿ, ಪ್ರತಿ ಸುತ್ತನ್ನೂ ಕಟರ್‌ನಲ್ಲಿ ಕತ್ತರಿಸಿ ಬೀಳಿಸಿ. ನೂರು ರೂಪಾಯಿ ತಂತಿ ಉಳಿಸೋಕೆ ಹೋಗಿ ರೆಂಬೆ ಮುರಿದುಕೊಳ್ಳುವವರೇ ಜಾಸ್ತಿ.

ಬರೀ ಕೆಳಗೆ ಇಳಿಸಬೇಕಾದ ರೆಂಬೆಗೆ ತಂತಿಯೇ ಬೇಡ. ಗಟ್ಟಿ ದಾರ ಕಟ್ಟಿ ಕುಂಡದ ಅಂಚಿಗೆ ಎಳೆದು ಬಿಗಿಯಿರಿ. ದಾರ ತೊಗಟೆಗೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬಿನ ತುಂಡು ಇಡಿ.

ಪ್ರಶ್ನೆ: ನಮ್ಮ ಎಲ್ಮ್ ಬುಡ ಚೆನ್ನಾಗಿ ದಪ್ಪ ಇದೆ. ಆದರೆ ರೆಂಬೆಗಳೆಲ್ಲ ಮೇಲಕ್ಕೇ ಓಡುತ್ತವೆ. ಒಳಗಡೆ ಬೋಳು, ತುದಿಯಲ್ಲಿ ಮಾತ್ರ ಪೊರಕೆ. ಫೋಟೋದಲ್ಲಿ ನೋಡುವ ಹಾಗೆ ಸಣ್ಣ ಸಣ್ಣ ಕವಲು ಬರೋದು ಹೇಗೆ? ಯಾವ ಶೈಲಿ ಇದಕ್ಕೆ ಒಪ್ಪುತ್ತೆ? — ಕುಶಾಲನಗರ

ಉತ್ತರ: ಕೊನೆಗೂ ಬುಡ ಬೆಳೆಸಿದವರ ಪತ್ರ ಒಂದು ಬಂತು! ಇನ್ನು ನಿಮಗೆ ಕತ್ತರಿ ಕೆಲಸ.

ಎಲ್ಮ್‌ನ ಒಂದು ರೆಂಬೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆಗಳು ಎದುರುಬದುರು ಇಲ್ಲ, ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಬೀಸಣಿಗೆಯಷ್ಟು ಚಪ್ಪಟೆಯಾಗಿ ಸಾಲು ಹಿಡಿದಿರುತ್ತವೆ. ಪ್ರತಿ ಎಲೆಯ ತೊಟ್ಟಿನ ಬುಡದಲ್ಲೂ ಒಂದು ಕಣ್ಣು ಇರುತ್ತೆ. ನೀವು ಕತ್ತರಿಸಿದ ಜಾಗಕ್ಕೆ ಹತ್ತಿರದ ಕಣ್ಣು ಮೊದಲು ಒಡೆಯುತ್ತೆ, ಆ ಎಲೆ ಯಾವ ಕಡೆ ಮುಖ ಮಾಡಿತ್ತೋ ಹೊಸ ಕಡ್ಡಿ ಆ ಕಡೆಗೇ ಹೋಗುತ್ತೆ. ಬಲಕ್ಕೆ ತಿರುಗಬೇಕಾ? ಬಲಗಡೆ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಇಷ್ಟು ತಿಳಿದುಕೊಂಡರೆ ತಂತಿ ಇಲ್ಲದೆಯೇ ಮುಕ್ಕಾಲು ಮರ ಕಟ್ಟಬಹುದು.

ಚಿಗುರು ಆರೇಳು ಎಲೆ ಬಿಡುವವರೆಗೆ ಸುಮ್ನೆ ಇರಿ. ಆಮೇಲೆ ಎರಡು ಎಲೆಗೆ ಕತ್ತರಿಸಿ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ನಿಮ್ಮ ಕಡೆ ಬಿಸಿಲು ಚೆನ್ನಾಗಿದೆ, ಮಳೆ ಮಡಿಕೇರಿಯ ಅರ್ಧದಷ್ಟೂ ಇಲ್ಲ, ವರ್ಷಕ್ಕೆ ನಾಲ್ಕೈದು ಸುತ್ತು ಸಿಗಬಹುದು. ಕವಲು ಹೆಚ್ಚಿದಷ್ಟೂ ಎಲೆ ಸಣ್ಣ ಆಗುತ್ತೆ. ಸಾಮಾನ್ಯವಾಗಿ ಎರಡರಿಂದ ಐದು ಸೆಂ.ಮೀ. ಇರುವ ಎಲೆ, ಪಳಗಿದ ಮರದಲ್ಲಿ ಕಿರುಬೆರಳ ಉಗುರಿನಷ್ಟಕ್ಕೆ ಇಳಿಯುತ್ತೆ.

ಒಳಗೆ ಬೋಳಾಗೋಕೆ ಕಾರಣ ತುದಿಯ ಜೋರು. ಮೇಲಿನ ರೆಂಬೆ ಎಲ್ಲಾ ತಿಂದು ಕೆಳಗಿನದಕ್ಕೆ ಏನೂ ಉಳಿಸಲ್ಲ. ಅದಕ್ಕೇ ಮೇಲೆ ಬಿಗಿಯಾಗಿ ಕತ್ತರಿಸಿ, ಕೆಳಗೆ ಸಡಿಲ ಬಿಡಿ. ಕೆಳಗಿನ ಮೊದಲ ರೆಂಬೆ ಎಲ್ಲಕ್ಕಿಂತ ದಪ್ಪ ಇರಬೇಕು, ಸಾಲದಿದ್ದರೆ ಅದರ ತುದಿಯನ್ನು ಮುಟ್ಟಬೇಡಿ, ಒಂದು ವರ್ಷ ಓಡಲಿ. ನೇರ ಮೇಲಕ್ಕೆ ಎದ್ದವು, ನೇರ ಕೆಳಗೆ ತೂಗುವವು, ಒಂದೇ ಗಿಣ್ಣಿನಿಂದ ಮೂರು ನಾಲ್ಕು ಹೊರಟವು, ಇವನ್ನೆಲ್ಲ ತೆಗೆಯಿರಿ. ಬಳುಕಿನ ಹೊರಮೈಯಿಂದ ಹೊರಟ ರೆಂಬೆ ಉಳಿಸಿ, ಒಳಮೈಯದ್ದನ್ನು ಕಳೆಯಿರಿ. ತೀರಾ ಬೋಳಾದ ಉದ್ದ ರೆಂಬೆ ಇದ್ದರೆ ಧೈರ್ಯ ಮಾಡಿ ಮೋಟು ಮಾಡಿ. ಹಳೇ ಮರದ ಮೇಲೂ ಎಲ್ಮ್ ಕಣ್ಣು ಬಿಡುತ್ತೆ.

ಶೈಲಿ ಅಂದ್ರೆ, ನೇರ ಕಾಂಡ ಇದ್ದು ಒಂದೇ ಎತ್ತರದಿಂದ ಸುತ್ತಲೂ ಕವಲೊಡೆದರೆ ಜಪಾನಿನವರ ಹೋಕಿದಾಚಿ, ಅಂದ್ರೆ ಪೊರಕೆ ಶೈಲಿ. ಎಲ್ಮ್ ಕುಟುಂಬದ್ದೇ ಆದ ಜೆಲ್ಕೋವಾ ಮರಗಳನ್ನು ಅಲ್ಲಿ ಹೀಗೆ ಬೆಳೆಸುತ್ತಾರೆ. ಹಾಗಾಗಿ ನೀವು ಬೇಜಾರಲ್ಲಿ ಹೇಳಿದ ಪೊರಕೆಯೇ ಒಂದು ಶೈಲಿ, ಸ್ವಲ್ಪ ಓರಣ ಬೇಕು ಅಷ್ಟೇ. ಕಾಂಡದಲ್ಲಿ ಬಳುಕು ಇದ್ದರೆ ಮೊಯೋಗಿ. ಹೆಸರಿನ ಹಿಂದೆ ಜಾಸ್ತಿ ಬೀಳಬೇಡಿ. ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಹೋಗಿ ಬನ್ನಿ, ನಿಮ್ಮೂರಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಅಲ್ಲಿ ಎಲೆ ನೋಡಬೇಡಿ. ಬಗ್ಗಿ ಬುಡ ನೋಡಿ, ಮೊದಲ ರೆಂಬೆ ಎಲ್ಲಿಂದ ಹೊರಟಿದೆ ನೋಡಿ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಎಲ್ಲರೂ ಅಕಡಾಮಾ ಅಂತಾರೆ. ರೇಟ್ ನೋಡಿ ತಲೆ ತಿರುಗಿತು. ನಮ್ಮ ತೋಟದ ಮಣ್ಣು ಆಗಲ್ವಾ? — ವಿರಾಜಪೇಟೆ

ಉತ್ತರ: ತೋಟದ ಮಣ್ಣು ಕುಂಡಕ್ಕೆ ಬೇಡ. ನೆಲದಲ್ಲಿ ಬಂಗಾರ ಆಗಿರುವ ಮಣ್ಣು ಕುಂಡದಲ್ಲಿ ಎರಡು ಮಳೆಗೆ ಸಿಮೆಂಟ್ ಆಗುತ್ತೆ. ಅಕಡಾಮಾ ಜಪಾನಿನ ಜೇಡಿಯ ಕಾಳು, ಒಳ್ಳೇದೇ, ಆದರೆ ಅದೇ ಬೇಕು ಅಂತ ಏನಿಲ್ಲ. ಕಾಳು ಕಾಳಾಗಿರಬೇಕು, ನೀರು ಇಳಿಯಬೇಕು, ಸ್ವಲ್ಪ ತೇವ ಹಿಡಿಯಬೇಕು. ಇಷ್ಟಕ್ಕೆ ಹಳೇ ಇಟ್ಟಿಗೆ ಸಾಕು. ಚೆನ್ನಾಗಿ ಬೆಂದ ಇಟ್ಟಿಗೆ ಕುಟ್ಟಿ, ದಪ್ಪ ಜರಡಿಯಲ್ಲಿ ಸೋಸಿ 2ರಿಂದ 5 ಮಿ.ಮೀ. ಕಾಳು ಮಾತ್ರ ಇಟ್ಟುಕೊಳ್ಳಿ. ಪುಡಿಯನ್ನು ಮರುಗದೆ ಎಸೆಯಿರಿ, ಕುಂಡ ಕಟ್ಟಿಕೊಳ್ಳೋದೇ ಆ ಪುಡಿಯಿಂದ. ಎರಡು ಪಾಲು ಇಟ್ಟಿಗೆ ಕಾಳಿಗೆ ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್. ಮಳೆ ಜಾಸ್ತಿ ಇರುವ ಕಡೆ ಕಾಂಪೋಸ್ಟ್ ಅರ್ಧ ಮಾಡಿ. ಕೋಕೋಪೀಟ್ ನಮ್ಮ ಮಳೆಗಾಲಕ್ಕೆ ಬೇಡವೇ ಬೇಡ.

ಇಂಥ ಮಿಶ್ರಣದಲ್ಲಿ ಸಾರ ಕಡಿಮೆ, ಗೊಬ್ಬರ ನಾವೇ ಕೊಡಬೇಕು. ಫೆಬ್ರವರಿ ಕೊನೆಯಿಂದ ಮೇವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಒಂದು ಚಮಚ ಬೇವಿನ ಹಿಂಡಿ, ನಡುವೆ ನೀರಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ. ದಪ್ಪ ಮಾಡುವ ಗಿಡಕ್ಕೆ ಕೈ ಬಿಚ್ಚಿ ಹಾಕಿ, ಕವಲು ಮಾಡುವ ಗಿಡಕ್ಕೆ ಹಿಡಿದು ಹಾಕಿ. ಮಾರ್ಚ್ ಬಿಸಿಲಲ್ಲಿ ಇಟ್ಟಿಗೆ ಕಾಳು ಬೇಗ ಒಣಗುತ್ತೆ, ಆಗ ದಿನಾ ಬೆಳಿಗ್ಗೆ ನೀರು ಬೇಕೇ ಬೇಕು.

ಪ್ರಶ್ನೆ: ಟಿವಿ ಪಕ್ಕ ಇಡಬಹುದಾ? — ಗೋಣಿಕೊಪ್ಪ

ಉತ್ತರ: ನೆಂಟರು ಬಂದ ದಿನ ಇಡಿ, ಅವರು ಹೋದ ಮೇಲೆ ಹೊರಗೆ ಇಡಿ. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳದ ಎಲ್ಮ್ ಸಾಯದೇ ಇರಬಹುದು, ಆದರೆ ಬೆಳೆಯಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಅರ್ಧ ಎಲೆ ಉದುರಿತು. ರೋಗವಾ? — ಶನಿವಾರಸಂತೆ

ಉತ್ತರ: ಕಡ್ಡಿಯ ಸಿಪ್ಪೆಯನ್ನು ಉಗುರಿನಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಏನೂ ಆಗಿಲ್ಲ. ಚಳಿ ಜೋರಾದ ಊರುಗಳಲ್ಲಿ ಇದು ಪೂರ್ತಿ ಎಲೆ ಉದುರಿಸುವ ಮರ, ನಮ್ಮ ಕಡೆಯ ಚಳಿಗೆ ಅರ್ಧ ಉದುರಿಸಿ ಅರ್ಧ ಇಟ್ಟುಕೊಳ್ಳುತ್ತೆ. ಎಲೆ ಕಡಿಮೆ ಇರುವಾಗ ನೀರೂ ಕಡಿಮೆ ಮಾಡಿ. ರೆಂಬೆಗಳ ಹಂದರ ಚೆನ್ನಾಗಿ ಕಾಣುವ ಸಮಯ ಇದೇ, ಯಾವುದು ಬೇಕು ಯಾವುದು ಬೇಡ ಅಂತ ಈಗಲೇ ನೋಡಿ ನೂಲು ಕಟ್ಟಿ ಗುರುತು ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಒಂದು ಎಲ್ಮ್ ಇದೆ, ಇನ್ನಷ್ಟು ಗಿಡ ಮಾಡಬೇಕು. ಬೀಜ ಸಿಗುತ್ತಿಲ್ಲ. ನಮ್ಮ ಕಾಡಿನಲ್ಲಿ ಇದರ ಜಾತಿಯ ಮರ ಇದ್ದರೆ ಅದನ್ನೇ ತರಬಹುದಾ? — ಸೋಮವಾರಪೇಟೆ

ಉತ್ತರ: ಎಲ್ಮ್ ಕುಟುಂಬದ ತಪಸಿ ಮರ ಕರ್ನಾಟಕದಲ್ಲಿ ಇದೆ. ಆದರೆ ಎಲೆ ಅಂಗೈಯಷ್ಟು ದೊಡ್ಡದು, ಸಣ್ಣ ಕುಂಡಕ್ಕೆ ಅಷ್ಟು ಒಪ್ಪಲ್ಲ. ಮತ್ತೆ ಕಾಡಿನಿಂದ ಗಿಡ ಕೀಳುವ ಮಾತು ಬೇಡ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳ ಪಕ್ಕದಲ್ಲೇ ಇರುವವರು ನಾವು, ಅಲ್ಲಿಂದ ಒಂದು ಸಸಿ ತಂದರೂ ಕೇಸು. ದೇವರಕಾಡಿನಿಂದ ತರೋದಂತೂ ನೀವೇ ಒಪ್ಪಲ್ಲ ಅಲ್ವಾ?

ನಿಮ್ಮ ಗಿಡದಲ್ಲೇ ದಾರಿ ಇದೆ. ಫೆಬ್ರವರಿಯಲ್ಲಿ ಕುಂಡ ಬದಲಿಸುವಾಗ ಕತ್ತರಿಸಿದ ಬೇರುಗಳಲ್ಲಿ ಪೆನ್ಸಿಲ್ ದಪ್ಪದವನ್ನು ಎಸೆಯಬೇಡಿ. ಎರಡು ಮೂರು ಇಂಚಿನ ತುಂಡು ಮಾಡಿ. ಕಾಂಡದ ಕಡೆಗಿದ್ದ ತುದಿ ಮೇಲೆ ಬರಬೇಕು, ತಲೆಕೆಳಗಾದರೆ ಚಿಗುರಲ್ಲ. ಅದಕ್ಕೆ ಕತ್ತರಿಸುವಾಗಲೇ ಮೇಲ್ತುದಿ ನೇರ, ಕೆಳತುದಿ ಓರೆ ಅಂತ ಗುರುತು ಮಾಡಿಕೊಳ್ಳಿ. ಮರಳು ಮಿಶ್ರಣದಲ್ಲಿ ಮೇಲ್ತುದಿ ಸ್ವಲ್ಪ ಕಾಣುವ ಹಾಗೆ ನೆಟ್ಟು, ಕಾಫಿ ಸಸಿಮಡಿಯ ಥರ ಅರೆನೆರಳಲ್ಲಿ ತೇವ ಆರದ ಹಾಗೆ ನೋಡಿಕೊಳ್ಳಿ. ಒಂದೆರಡು ತಿಂಗಳಲ್ಲಿ ಮೇಲ್ತುದಿಯ ಅಂಚಿನಲ್ಲಿ ಚಿಗುರು ಒಡೆಯುತ್ತೆ. ವಂಕಿ ಇರುವ ಬೇರಿನ ತುಂಡು ಸಿಕ್ಕರೆ ಅದನ್ನು ಮೊದಲು ನೆಡಿ, ಕಾಂಡಕ್ಕೆ ಹುಟ್ಟಿನಿಂದಲೇ ಬಳುಕು ಸಿಕ್ಕ ಹಾಗಾಯಿತು, ತಂತಿ ಖರ್ಚೂ ಉಳಿಯಿತು. ಮಳೆ ಶುರು ಆಗುವ ಮೊದಲು ಇವನ್ನೂ ಶೀಟ್ ಕೆಳಗೆ ಸೇರಿಸಿ.